ದೊಣೆಯ ದಡದಲ್ಲೊಂದು ಗುರುತಿನ ಕಲ್ಲು

"ಅಯ್ಯೋ! ಕೈ... ನೀರೊಳಗೆ ಯಾರದೋ ಕೈ!"

ಆಶಾರಾಣಿ ಕಿರುಚಿದ ರಭಸಕ್ಕೆ ಬೇವಿನ ಮರದ ಕೋತಿಗಳೂ ಒಂದು ಕೊಂಬೆ ಮೇಲಕ್ಕೆ ಹತ್ತಿಕೊಂಡವು.

ಜನವರಿಯ ಭಾನುವಾರ, ಬೆಳಗಿನ ಎಂಟು ಗಂಟೆ. ಕೊರಟಗೆರೆ ದಾಟಿ ಮಧುಗಿರಿ ಕಡೆ ಹೋಗುವಾಗ ಸಿಗುವ ಸಿಡಿಲುಗುಂಡು ಬೆಟ್ಟ. ಅದರ ನಡುಮಧ್ಯದಲ್ಲಿ ಬಂಡೆ ಬಾಯ್ತೆರೆದು ನೀರು ತುಂಬಿಕೊಂಡ ಒಂದು ಹೊಂಡ. ಇಂಥದ್ದಕ್ಕೆ ಈ ಸೀಮೆಯವರು ದೊಣೆ ಅನ್ನುತ್ತಾರೆ. ದೊಣೆಗಳೇನು, ಬೆಟ್ಟಕ್ಕೆರಡು ಇರುತ್ತವೆ. ಆದರೆ ಇದು ಬೆಚ್ಚನ ದೊಣೆ! ಊರೆಲ್ಲ ಚಳಿಗೆ ಹಲ್ಲು ಕಡಿಯುವಾಗಲೂ ಇದರ ನೀರು ಉಗುರುಬೆಚ್ಚಗಿರುತ್ತದೆ. ಮಂಡಿನೋವಿನವರು ಐದು ಭಾನುವಾರ ಮಿಂದರೆ ನೋವು ಹೋಗುತ್ತದೆ ಅಂತ ನಂಬಿಕೆ.

ಆಶಾಳ ಅಜ್ಜಿ ಚನ್ನಮಲ್ಲಮ್ಮನಿಗೆ ಎರಡೂ ಮಂಡಿ ನೋವು. ಹರಕೆ ಹೊತ್ತಿದ್ದು ಅಜ್ಜಿ, ಜೊತೆಗೆ ಬಂದು ನಡುಗುತ್ತಿದ್ದವಳು ಮೊಮ್ಮಗಳು!

ನೀರೊಳಗಿಂದ ಬಂದ ಕೈ ಮೆಟ್ಟಿಲು ಹಿಡಿಯಿತು. ಹಿಂದೆಯೇ ಒಂದು ತಲೆ, ಅಗಲವಾದ ಭುಜ, ಕೈಯಲ್ಲೊಂದು ತೆಂಗಿನ ನಾರಿನ ಬ್ರಷ್ಷು. ಮುಖದ ನೀರು ಒರೆಸಿಕೊಳ್ಳುತ್ತಾ ಆ ಯುವಕ ಅವಳನ್ನೇ ನೋಡಿದ.

"ಯಾಕ್ ಮೇಡಂ, ಹಿಂಗ್ ಕಿರುಚ್ಕೋತೀರಾ? ಕಲ್ಲು ಕಾಣ್ಲಿಲ್ವಾ?"

"ಯಾವ ಕಲ್ಲು?"

ಅವನು ದಡದ ಬಂಡೆ ತೋರಿಸಿದ. ಅಲ್ಲೊಂದು ಬಟ್ಟಲಿನಷ್ಟು ಕುಳಿ. ಕುಳಿಯೊಳಗೆ ಕೆಂಪು ಗೆರೆಯಿದ್ದ ಒಂದು ಬಿಳಿ ಬೆಣಚುಕಲ್ಲು.

"ಇಳಿಯೋನು ಅಲ್ಲೊಂದು ಕಲ್ಲು ಇಡ್ಬೇಕು, ಹತ್ತಿ ಬಂದ್ಮ್ಯಾಕೆ ಎತ್ಕೋಬೇಕು. ಕುಳೀಲಿ ಕಲ್ಲು ಅದೆ ಅಂದ್ರೆ ನೀರಾಗೆ ಜನ ಅವ್ರೆ ಅಂತ ಅರ್ಥ. ಅಜ್ಜನ ಕಾಲದಿಂದ್ಲೂ ಇದೇ ಪದ್ಧತಿ. ಆ ಬಿಳೇದು ನಂದು." ಹಲ್ಲು ಕಿರಿದ. "ಇನ್ನೊಂದ್ ಮೆಟ್ಲು ಪಾಚಿ ಉಳಿದದೆ. ಎರಡು ನಿಮಿಷ, ಬಂದ್ಬುಟ್ಟೆ!"

ಅಂದವನೇ ಮತ್ತೆ ಮುಳುಗಿದ.

ಎರಡು ನಿಮಿಷ... ಬಂದ್ಬುಟ್ಟೆ...

ಆಶಾ ಅಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟಳು. ಇದೇ ಮಾತು. ಇದೇ ಧಾಟಿ. ಹದಿನೇಳು ವರ್ಷದ ಹಿಂದೆ ಅಪ್ಪ ಹೇಳಿದ್ದೂ ಇದನ್ನೇ!

ಆಗ ಅವಳಿಗೆ ಒಂಬತ್ತು. ಶಿರಾದ ಹೊರಗೆ ಹಳೇ ಕಲ್ಲುಕ್ವಾರಿಯ ಗುಂಡಿ, ತುಂಬಾ ಮಳೆನೀರು. "ಬಟ್ಟೆ ನೋಡ್ಕೊಂಡಿರು ಮಗಳೇ. ಎರಡು ನಿಮಿಷ, ಬಂದ್ಬುಟ್ಟೆ" ಅಂತ ಅಪ್ಪ ಧುಮುಕಿದ್ದರು. ಒಳ್ಳೇ ಈಜುಗಾರರು. ಆಶಾ ಅಪ್ಪನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಕತ್ತಲಾಗುವಾಗ ಯಾರೋ ಬಂದು ಅವಳ ಕೈಯಿಂದ ಅಂಗಿ ಬಿಡಿಸಿಕೊಂಡರು.

ಅಂದಿನಿಂದ ನೀರೆಂದರೆ ಅವಳಿಗೆ ಬಕೆಟ್ಟು, ಚೊಂಬು. ಅಷ್ಟೇ. ಶಿರಾದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಿಸ್ಸು, ಅರವತ್ತು ಮಕ್ಕಳನ್ನು ಒಂದೇ ಕಣ್ಣೋಟಕ್ಕೆ ಸುಮ್ಮನಾಗಿಸುವವಳು, ಕೆರೆ ಏರಿಯ ಮೇಲೆ ಬಸ್ಸು ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅಜ್ಜಿ ಮಾತ್ರ ಅಷ್ಟರಲ್ಲಿ ತಾನೂ ಒಂದು ಕಲ್ಲಿಟ್ಟು ನೀರಿಗಿಳಿದು, ಹಬೆಯ ನಡುವೆ ಕುಳಿತು "ಶಿವಾ... ಶಿವಾ..." ಅನ್ನುತ್ತಿದ್ದಳು. ಹೆದರಿಕೆಯೇ ಗೊತ್ತಿಲ್ಲದ ಹೆಂಗಸು ಅದು!

* * *

ಅವನ ಹೆಸರು ರಂಗೇಶ್. ಮಧುಗಿರಿಯವನು. ವಾರವೆಲ್ಲ ಪಾವಗಡದಾಚೆ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ತಂಡದ ಮೇಸ್ತ್ರಿ. ಭಾನುವಾರ ಮಾತ್ರ ಬೆಚ್ಚನ ದೊಣೆ. ಅವನ ಗೆಳೆಯ ಹಾಲೇಶ್ ಶಿರಾದಿಂದ ಟೆಂಪೋದಲ್ಲಿ ಮುದುಕ ಮುದುಕಿಯರನ್ನು ತುಂಬಿಕೊಂಡು ಬರುತ್ತಿದ್ದ. ರಂಗೇಶ್ ಅವರಿಗಿಂತ ಮೊದಲೇ ಬೈಕಿನಲ್ಲಿ ಬಂದು ಮೆಟ್ಟಿಲಿನ ಪಾಚಿ ತಿಕ್ಕಿ, ಆಮೇಲೆ ಎಲ್ಲರೂ ಮಿಂದು ಹತ್ತುವವರೆಗೂ ಕಾಯುತ್ತಿದ್ದ. ಗಾಡಿ ಹಾಲೇಶನದು, ನೀರು ರಂಗೇಶನದು ಅಂತಲೇ ಮಾತು.

ಎರಡನೇ ಭಾನುವಾರ ಅವನೇ ಅವಳ ಹತ್ತಿರ ಬಂದ. ಕೈಯಲ್ಲಿ ಒಣಗಿದ ಸೋರೆಬುರುಡೆ ಕಟ್ಟಿದ್ದ ಹಗ್ಗ.

"ಮಿಸ್, ಇದನ್ನ ಸೊಂಟಕ್ಕೆ ಕಟ್ಕೊಂಡ್ರೆ ಆನೆನೂ ಮುಳುಗಾಕಿಲ್ಲ."

"ನಾನು ಆನೆ ಥರ ಕಾಣ್ತೀನಾ?"

"ಅಯ್ಯೋ, ಅಂಗಲ್ಲ ಮಿಸ್!" ಅವನ ಕಿವಿ ಕೆಂಪಾಯಿತು. "ನೀರಿಗೆ ಬರ್ಬ್ಯಾಡಿ. ಸುಮ್ಕೆ ಕಾಲು ಇಳಿಬಿಡಿ. ನಾನಿದೀನಲ್ಲಾ."

ಅಂದು ಅವಳು ಮೆಟ್ಟಿಲವರೆಗೂ ಹೋಗಲಿಲ್ಲ. ಆದರೆ ದಡದಿಂದ ನಾಲ್ಕು ಮಾರು ದೂರ ಕೂರುತ್ತಿದ್ದವಳು ಎರಡು ಮಾರಿಗೆ ಬಂದಳು. ಮೂರನೇ ಭಾನುವಾರ ಬೆರಳು ಅದ್ದಿದಳು. ಬೆಚ್ಚಗಿತ್ತು! ಹಾಗೇ ಅಪ್ಪನ ವಿಷಯವನ್ನೂ ಹೇಳಿಬಿಟ್ಟಳು. ಯಾರಿಗೂ ಹೇಳದಿದ್ದ ಆ ಅಂಗಿಯ ವಿಷಯವನ್ನೂ.

ರಂಗೇಶ್ ಸಮಾಧಾನದ ಮಾತೇನೂ ಆಡಲಿಲ್ಲ. "ಅವತ್ತಿಂದ ನೀವು ದಡದಾಗೇ ಕುಂತಿದ್ದೀರಾ ಮಿಸ್" ಅಂದ.

ಆಶಾ ಮುಖ ತಿರುಗಿಸಿಕೊಂಡು ಅತ್ತಳು. ಶಿರಾಕ್ಕೆ ವಾಪಸು ಹೋಗುವಾಗ ಟೆಂಪೋದ ಕಿಟಕಿಯಲ್ಲಿ ತನ್ನದೇ ಮುಖ ನೋಡಿ ಬೆಚ್ಚಿದಳು. ಅಲ್ಲೊಂದು ನಗುವಿತ್ತು! 'ಬೇಡ ಕಣೇ ಆಶಾ... ನೀರಿನವನು ಬೇಡ. ಇನ್ನೊಂದು ಸಲ ಕಾಯೋಕೆ ನಿನ್ನ ಕೈಲಿ ಆಗುತ್ತಾ?'

ಮನಸ್ಸು ಕೇಳಬೇಕಲ್ಲ!

ಅಜ್ಜಿಗೆ ಎಲ್ಲವೂ ಗೊತ್ತಾಗಿತ್ತು. ನಾಲ್ಕನೇ ಭಾನುವಾರ ಒದ್ದೆ ಸೀರೆ ಹಿಂಡುತ್ತಲೇ ಘೋಷಿಸಿದಳು. "ಲೇ ರಂಗ, ಬರೋ ವಾರ ನನ್ ಹರಕೆ ಮುಗೀತದೆ. ಸ್ನಾನ ಆದ್ಮ್ಯಾಕೆ ನಿಮ್ಮನೆಗೆ ಬತ್ತೀವಿ. ನಿಮ್ಮವ್ವನ ತಾವ ಮಾತಾಡೋದದೆ ಕಣಪ್ಪ."

"ಅಜ್ಜಿ!" ಆಶಾ ಚೀರಿದಳು.

"ಏನಜ್ಜಿ? ನನಗೆ ಮಂಡಿ ನೋವು ಕಣೆ, ಕಣ್ಣು ಚೆನ್ನಾಗೇ ಅವೆ!"

ಎಲ್ಲರೂ ಬೆಟ್ಟ ಇಳಿದು ಹೋದಮೇಲೆ ಇಬ್ಬರೇ ದೊಣೆಯ ಬಳಿ ಉಳಿದರು.

"ನಿಮಗೆ ಇಷ್ಟ ಇಲ್ದಿದ್ರೆ ಹೇಳ್ಬುಡಿ ಮಿಸ್," ರಂಗೇಶ್ ನೆಲ ನೋಡುತ್ತಾ ಅಂದ. "ನಾನೇ ಅಜ್ಜಿಗೆ ಏನಾದ್ರೂ ನೆಪ ಹೇಳ್ತೀನಿ."

"ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?" ಅವಳು ಅವನತ್ತ ತಿರುಗಿದಳು. "ಭಯ, ರಂಗೇಶ್. ನೀವು ಮುಳುಗಿದಾಗೆಲ್ಲ ನಾನು ಉಸಿರು ಬಿಗಿ ಹಿಡೀತೀನಿ, ಗೊತ್ತಾ? ನೀವು ಮೇಲೆ ಬರೋವರೆಗೂ ನಾನು ಸತ್ತಿರ್ತೀನಿ. ನನಗೊಂದು ಮಾತು ಕೊಡ್ತೀರಾ? ಇನ್ನು ನೀರಿಗೆ ಇಳಿಯಲ್ಲ ಅಂತ?"

ಅವನು ದೊಣೆಯನ್ನೊಮ್ಮೆ ನೋಡಿದ. ಏಳನೇ ವಯಸ್ಸಿನಿಂದ ಈಜಿದ ನೀರು ಅದು. ಕುಳಿಯ ಪಕ್ಕದಲ್ಲಿದ್ದ ಬಿಳಿ ಕಲ್ಲನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದು ನಿಮ್ಮತ್ರ ಇರಾಗಂಟ ನಾನು ಇಳಿಯಾಕಿಲ್ಲ. ಸರಿನಾ?"

ಅವಳ ಕಣ್ಣು ತುಂಬಿ ಬಂತು. ಕೊಟ್ಟವನಿಗೆ ಏನಾದರೂ ಕೊಡಬೇಕಲ್ಲ. "ಹಾಗಾದ್ರೆ ಬರೋ ಭಾನುವಾರ ನಾನು ಅಜ್ಜಿ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು ಸ್ನಾನ ಮಾಡ್ತೀನಿ. ನಿಜವಾಗ್ಲೂ!"

ಅವಳು ನಗುತ್ತಾ ಇಳಿದು ಹೋದಳು. ಪಾಪ, ಭಯದಲ್ಲಿ ಕೇಳಿದ ಮಾತು ಎಂಥ ಪೇಚಿಗೆ ಸಿಕ್ಕಿಸುತ್ತದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

* * *

ಐದನೇ ಭಾನುವಾರ.

ಆಶಾ ಹಸಿರು ಚೂಡಿದಾರ್ ತೊಟ್ಟಿದ್ದಳು. ಬ್ಯಾಗಿನಲ್ಲಿ ಬದಲಿ ಬಟ್ಟೆ, ಬಟ್ಟೆಯೊಳಗೆ ಬಿಳಿ ಕಲ್ಲು. ಬೆಟ್ಟ ಹತ್ತಿ ಬಂದು ನೋಡಿದರೆ... ರಂಗೇಶ್ ಇಲ್ಲ!

ಕೆಳಗೆ ಅವನ ಬೈಕಿದೆ. ಫೋನು ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ದೊಣೆಯ ಮಗ್ಗುಲಿನ ಪುಟ್ಟ ಗುಡಿಯ ಪೂಜಾರಿ ರೇಣುಕಯ್ಯನನ್ನು ಹಾಲೇಶ್ ಎರಡೆರಡು ಸಲ ಕೂಗಿ ಕೇಳಿದ. ಮುದುಕನಿಗೆ ಕಿವಿ ಮಂದ.

"ಬಂದಿದ್ದ ಕಣಪ್ಪ, ಏಳು ಗಂಟೆಗೆ. ನಾನು ಗುಡಿ ಒಳಗಿದ್ದೆ. ಆಮ್ಯಾಕೆ ಕಾಣ್ನಿಲ್ಲ."

"ನೀರಿಗಿಳಿದಿದ್ದಾರಾ?" ಆಶಾ ಅವನ ಕಿವಿಯ ಹತ್ತಿರ ಕೂಗಿದಳು.

"ಎಲ್ಲಿಂದ ತಾಯಿ? ಕುಳಿ ನೋಡು, ಖಾಲಿ ಅದೆ. ಕಲ್ಲಿಲ್ಲ ಅಂದ್ರೆ ನೀರಾಗೆ ಆಳಿಲ್ಲ."

ದೊಣೆಯ ನೀರು ಅಲುಗಾಡದೆ ಮಲಗಿತ್ತು. ಮೇಲೆ ತೆಳ್ಳಗೆ ಹಬೆ.

"ಮದ್ವೆ ಮಾತು ಅಂದೇಟಿಗೆ ಗಂಡು ಕಾಲಿಗೆ ಬುದ್ಧಿ ಹೇಳ್ತು!" ಜೊತೆಗೆ ಬಂದಿದ್ದ ಒಬ್ಬ ಮುದುಕಿ ನಕ್ಕಳು. ಮತ್ತಿಬ್ಬರು ಬಾಯಿಗೆ ಸೆರಗಿಟ್ಟುಕೊಂಡರು.

ಹಾಲೇಶನಿಗೆ ಅವಮಾನವಾಯಿತು. "ಹಿಂದ್ಗಡೆ ದಾರೀಲಿ ಇಳಿದಿರ್ಬೇಕು ಬಡ್ಡೀಮಗ. ಇರಿ, ಹಿಡ್ಕೊಂಡು ಬರ್ತೀನಿ," ಅಂತ ಬೆಟ್ಟದ ಆ ಮಗ್ಗುಲಿಗೆ ಓಡಿದ.

ಆಶಾಳ ಮುಖ ಬಿಸಿಯೇರಿತು. 'ಓಡಿ ಹೋದರಾ? ನನ್ನ ಭಯ ಭಾರ ಅನ್ನಿಸ್ತಾ? ನೇರವಾಗಿ ಹೇಳಬಹುದಿತ್ತಲ್ಲ...' ಗುಡಿಯ ಮೆಟ್ಟಿಲ ಬಳಿ ಹೋಗಿ ಚಪ್ಪಲಿ ಹುಡುಕಿದಳು. ಮನೆಗೆ ಹೋಗಿಬಿಡೋಣ, ಸಾಕು!

ಅವಳ ಚಪ್ಪಲಿಯ ಪಕ್ಕದಲ್ಲಿ ನೀಲಿ ಪಟ್ಟಿಯ ಒಂದು ಜೊತೆ. ಎಡಗಾಲಿನದಕ್ಕೆ ಸೇಫ್ಟಿ ಪಿನ್ನು.

ರಂಗೇಶನದು.

ಆಶಾ ಅಲ್ಲೇ ನಿಂತುಬಿಟ್ಟಳು. ಹಿಂದಿನ ದಾರಿ ಪೂರ್ತಿ ಜಾಲಿಮುಳ್ಳು. ಬರಿಗಾಲಲ್ಲಿ ಯಾರೂ ಇಳಿಯಲಾರರು. ಹಾಗಾದರೆ ಅವನು ಇಲ್ಲೇ ಇದ್ದಾನೆ! ಇಲ್ಲೇ ಅಂದರೆ...

ಅವಳು ಗುಡಿಯ ಗೋಡೆ ನೋಡಿದಳು. ಮೊಳೆಯಲ್ಲಿ ಸೋರೆಬುರುಡೆಯ ಹಗ್ಗವಿತ್ತು. ಅದರ ಪಕ್ಕದ ಮೊಳೆ ಖಾಲಿ. ನಾರಿನ ಬ್ರಷ್ಷು ಇಲ್ಲ.

ಪಾಚಿ! ಇವತ್ತು ನಾನು ಮೆಟ್ಟಿಲ ಮೇಲೆ ಕೂರುತ್ತೇನೆ ಅಂದಿದ್ದೆ... ನಾನು ಜಾರಬಾರದು ಅಂತ... ಮಾತು ಕೊಟ್ಟಿದ್ದಕ್ಕೆ ಕಲ್ಲಿಡದೆ, ನನಗೆ ಗೊತ್ತಾಗಬಾರದು ಅಂತ ಕದ್ದು ಇಳಿದಿದ್ದಾರೆ! ಬೇರೆ ಕಲ್ಲಿಟ್ಟರೂ ನಾವು ಬರುವಾಗ ಕಾಣುತ್ತೆ ಅಂತ...

ಅವನ ಕಲ್ಲು ಅವಳ ಬ್ಯಾಗಿನಲ್ಲಿತ್ತು.

"ಅಜ್ಜಿ! ಅವರು ನೀರೊಳಗಿದ್ದಾರೆ!"

"ಕಲ್ಲಿಲ್ವಲ್ಲೇ ಮಗ..."

"ಕಲ್ಲು ನನ್ನ ಹತ್ರ ಇದೆ ಅಜ್ಜಿ! ನಾನೇ ಇಸ್ಕೊಂಡಿದ್ದು!"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರು ದೇವರನ್ನು ಕರೆದರೆ ಇನ್ನೊಬ್ಬರು ಹಾಲೇಶನನ್ನು ಕರೆದರು.

"ಎಲ್ರೂ ಸುಮ್ನಿರಿ!"

ಅದು ಹೈಸ್ಕೂಲಿನ ದನಿ. ಮುದುಕರು ಒಂದನೇ ತರಗತಿ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡರು. ಆಶಾ ದಡದ ಬಂಡೆಯ ಮೇಲೆ ಬೋರಲು ಮಲಗಿ ಕಲ್ಲಿಗೆ ಕಿವಿಯಿಟ್ಟಳು. ತನ್ನದೇ ಎದೆಬಡಿತ ಕೇಳಿಸಿತು. ಆಮೇಲೆ...

ಟಕ್.

ಸ್ವಲ್ಪ ಹೊತ್ತಿನ ಮೇಲೆ, ಮತ್ತೆ... ಟಕ್.

ದೊಣೆಯ ಎಡಗಡೆ, ನೀರೊಳಗಿನ ಮೂರನೇ ಮೆಟ್ಟಿಲ ಪಕ್ಕದಲ್ಲಿ, ಬಂಡೆಯ ಚಾಚಿನ ಕೆಳಗೆ ಒಂದು ಗೂಡಿದೆ. ಬೆಚ್ಚನೆಯ ನೀರು ಒಸರುವುದು ಅಲ್ಲಿಂದಲೇ. ಅದನ್ನು ಒಲೆ ಅನ್ನುತ್ತಾರೆ. ಶಬ್ದ ಬಂದಿದ್ದು ಅಲ್ಲಿಂದ.

ಈಜು ಬರುತ್ತಿದ್ದವನು ಒಳಗಿದ್ದ. ಹಾಲೇಶ್ ಬೆಟ್ಟದಾಚೆ. ದಡದಲ್ಲಿ ಇದ್ದವರೆಲ್ಲ ಎಪ್ಪತ್ತು ದಾಟಿದವರು. ಮತ್ತೆ ಇವಳು, ಹದಿನೇಳು ವರ್ಷ ದಡ ಬಿಟ್ಟು ಕದಲದವಳು.

ಹೆದರಿದವರ ಮೇಲೇ ಹಾವು ಎಸೆಯುತ್ತದಂತೆ ಈ ಲೋಕ! ಆಶಾ ಸೋರೆಬುರುಡೆಯ ಹಗ್ಗವನ್ನು ಸೊಂಟಕ್ಕೆ ಬಿಗಿದಳು. ಗಂಟು ಎರಡು ಸಲ ತಪ್ಪಿತು. ಮೂರನೇ ಸಲ ಅಜ್ಜಿಯೇ ಗಂಟು ಹಾಕಿದಳು.

ಆಶಾ ಬ್ಯಾಗಿನಿಂದ ಬಿಳಿ ಕಲ್ಲು ತೆಗೆದು ಕುಳಿಯಲ್ಲಿಟ್ಟಳು. ಅದರ ಪಕ್ಕ ಕೈಗೆ ಸಿಕ್ಕಿದ ಒಂದು ಕರಿಕಲ್ಲನ್ನೂ ಇಟ್ಟಳು.

"ಅಜ್ಜಿ... ಎರಡು ನಿಮಿಷ. ಬಂದ್ಬುಟ್ಟೆ."

ಒಂದನೇ ಮೆಟ್ಟಿಲು. ನೀರು ಮಂಡಿಗೆ ಬಂತು. ಎರಡನೇ ಮೆಟ್ಟಿಲು. ಸೊಂಟ. ಕಣ್ಣ ಮುಂದೆ ಕ್ವಾರಿಯ ಗುಂಡಿ, ಅಪ್ಪನ ಅಂಗಿ. 'ಆಗಲ್ಲ... ನನ್ನ ಕೈಲಿ ಆಗಲ್ಲ...' ಹಲ್ಲು ಕಟಕಟ ಅನ್ನುತ್ತಿತ್ತು, ನೀರು ಬೆಚ್ಚಗಿದ್ದರೂ! ಮೂರನೇ ಮೆಟ್ಟಿಲು. ಎದೆಮಟ್ಟ. ಬಂಡೆ ಹಿಡಿದು ಚಾಚಿನ ಕೆಳಗೆ ತಲೆ ತೂರಿಸಿದಳು.

ಕತ್ತಲು. ಹಬೆ. ಆ ಕತ್ತಲಲ್ಲಿ, ನೀರಿನ ಮೇಲೆ ಗಲ್ಲ ಮಾತ್ರ ಎತ್ತಿಕೊಂಡ ಒಂದು ಮುಖ.

"ರಂಗೇಶ್!"

ಅವನ ತುಟಿ ಅಲ್ಲಾಡಿತು. ಕೂಗಿ ಕೂಗಿ ಗಂಟಲು ಹೋಗಿತ್ತು. "ಮಿಸ್... ನೀವ್ಯಾಕೆ... ನೀರಿಗೆ..."

"ಬಾಯಿ ಮುಚ್ಚಿ!"

ಅವಳು ಕೈ ಚಾಚಿ ಅವನ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದಳು. ಮೆಟ್ಟಿಲು ತಿಕ್ಕುವಾಗ ಒಲೆಯ ಬಾಯಲ್ಲಿದ್ದ ಚಪ್ಪಡಿ ಜಾರಿ ಅವನ ಪಾದದ ಮೇಲೆ ಕೂತಿತ್ತು. ಒಂದು ಗಂಟೆಯಿಂದ ಅವನು ಹಾಗೇ ನಿಂತು, ಕೈಗೆ ಸಿಕ್ಕ ಕಲ್ಲಿನಿಂದ ಬಂಡೆ ಕುಟ್ಟುತ್ತಿದ್ದ. ಬೇರೆ ದೊಣೆಯಾಗಿದ್ದರೆ ಚಳಿಗೇ ಜೀವ ಹೋಗುತ್ತಿತ್ತು. ಇಲ್ಲಿ ಸೋತಿದ್ದು ಕತ್ತು. ಇನ್ನು ಐದು ನಿಮಿಷ ತಡವಾಗಿದ್ದರೆ ಗಲ್ಲ ಇಳಿದುಬಿಡುತ್ತಿತ್ತು.

"ನಿದ್ದೆ ಬರ್ತದೆ ಮಿಸ್..."

"ಮಲಗಿದ್ರೆ ನೋಡಿ! ಮಾತಾಡಿ. ಏನಾದ್ರೂ ಮಾತಾಡಿ!"

"ನಿಮ್ಗೆ... ಭಯ ಆಯ್ತಿಲ್ವಾ?"

"ಆಗ್ತಿದೆ! ಪ್ರಾಣ ಹೋಗೋಷ್ಟು ಆಗ್ತಿದೆ! ಆದ್ರೂ ಬಿಡಲ್ಲ. ನಿಮ್ಮನ್ನ ಬಿಟ್ಟು ದಡದಲ್ಲಿ ಕೂರಲ್ಲ ನಾನು, ಕೇಳಿಸ್ತಾ? ಇನ್ನೊಂದು ಸಲ ಕಾಯ್ತಾ ಕೂರಲ್ಲ!"

ಅವಳು ಅಳುತ್ತಿದ್ದಳು, ಬಯ್ಯುತ್ತಿದ್ದಳು, ಹಿಡಿದ ಕೈ ಮಾತ್ರ ಸಡಿಲಿಸಲಿಲ್ಲ. ಎಷ್ಟು ಹೊತ್ತೋ! ಕೊನೆಗೆ ಮೇಲೆ ಅಜ್ಜಿಯ ಕೂಗು, ಧಡಧಡ ಹೆಜ್ಜೆ ಸದ್ದು. ಹಾಲೇಶ್ ರೇಣುಕಯ್ಯನ ಹಾರೆ ಹಿಡಿದು ಬಟ್ಟೆ ಸಮೇತ ನೀರಿಗಿಳಿದ. ಹಾರೆಯ ಮೊನೆ ಚಪ್ಪಡಿಯಡಿ ಸಿಕ್ಕಿತು. ಒಂದು ಸಲ ಮೀಟಿದ, ಅಲುಗಲಿಲ್ಲ. ಎರಡನೇ ಸಲ "ಯಪ್ಪಾ ಶಿವನೇ!" ಅಂತ ಮೈಭಾರ ಪೂರ್ತಿ ಹಾಕಿದ.

ಚಪ್ಪಡಿ ಹೊರಳಿತು.

ಮೂವರೂ ಮೆಟ್ಟಿಲು ಹಿಡಿದು ಹತ್ತಿದರು. ಅಜ್ಜಿ ಮೊದಲು ಮೊಮ್ಮಗಳನ್ನು ತಬ್ಬಿಕೊಂಡಳು, ಆಮೇಲೆ ರಂಗೇಶನ ಬೆನ್ನಿಗೆ ಎರಡು ಗುದ್ದಿದಳು. "ಕಲ್ಲಿಡದೆ ಇಳೀತೀಯಾ? ನಿನ್ ಮನೆ ಹಾಳಾಗ! ಮೆದುಳದಾ ನಿಂಗೆ?"

ರಂಗೇಶ್ ಮುಖ ಎತ್ತಲಿಲ್ಲ. ಪಾದ ಕುಂಬಳಕಾಯಿಯಷ್ಟು ಊದಿತ್ತು. "ಮಾತು ತಪ್ಪಿದೆ ಮಿಸ್. ಪಾಚಿ ಬಾಳ ಇತ್ತು. ನೀವು ಜಾರಿಬಿಟ್ರೆ ಅಂತ... ಕಲ್ಲು ಕಂಡ್ರೆ ಬೇಜಾರು ಮಾಡ್ಕೋತೀರಾ ಅಂತ..."

"ತಪ್ಪು ನನ್ನದೂ ಇದೆ." ಆಶಾ ಕುಳಿಯಿಂದ ಬಿಳಿ ಕಲ್ಲು ತೆಗೆದು ಅವನ ಅಂಗೈಯಲ್ಲಿಟ್ಟು ಮುಚ್ಚಿದಳು. "ನೀರು ಬಿಡಿ ಅಂತ ಕೇಳಿದ್ದು ತಪ್ಪು. ಇನ್ನು ಕೇಳಲ್ಲ. ಆದ್ರೆ ಇದನ್ನಿಡದೆ ಇಳೀಬೇಡಿ. ನೀವು ಎಲ್ಲಿದ್ದೀರಿ ಅಂತ ನನಗೆ ಗೊತ್ತಿದ್ರೆ ಸಾಕು... ನಾನೇ ಬಂದು ಎತ್ಕೊಂಡು ಬರ್ತೀನಿ."

"ಅಂಗಾದ್ರೆ... ಮಧ್ಯಾಹ್ನ ನಮ್ಮನೆಗೆ ಬತ್ತೀರಾ?"

"ಮೊದಲು ಆಸ್ಪತ್ರೆ! ಆಮೇಲೆ ನಿಮ್ಮವ್ವ!"

* * *

ಪಾದದ ಎರಡು ಮೂಳೆ ಬಿರುಕು ಬಿಟ್ಟಿದ್ದವು. ಆರು ವಾರ ಪ್ಲಾಸ್ಟರ್. ನಾಲ್ಕನೇ ವಾರಕ್ಕೇ ರಂಗೇಶ್ ಹಾಲೇಶನ ಹೆಗಲು ಹಿಡಿದು, ಕುಂಟುತ್ತಾ, ಎಲ್ಲರಿಂದ ಬೈಸಿಕೊಳ್ಳುತ್ತಾ ಬೆಟ್ಟ ಹತ್ತಿ ಬಂದ. ಅವನ ಬೆರಳಲ್ಲಿ ನಿಶ್ಚಿತಾರ್ಥದ ಉಂಗುರವಿತ್ತು.

ದೊಣೆಯ ದಡದಲ್ಲಿ ಅವನನ್ನು ಕೂರಿಸಿದರು. ಆಶಾ ತನ್ನ ದುಪಟ್ಟಾ ಮಡಿಚಿ ಅವನ ಮಡಿಲಲ್ಲಿಟ್ಟಳು. ಸೋರೆಬುರುಡೆ ಬಿಗಿದುಕೊಂಡು, ಕರಿಕಲ್ಲನ್ನು ಕುಳಿಯಲ್ಲಿ ಇಟ್ಟಳು.

"ಇದನ್ನ ನೋಡ್ಕೊಂಡಿರಿ. ಎರಡು ನಿಮಿಷ, ಬಂದ್ಬುಟ್ಟೆ."

ಅವಳು ಮೆಟ್ಟಿಲಿಳಿದಳು. ಹಬೆಯಲ್ಲಿ ಅವಳ ತಲೆ ಕ್ಷಣಕಾಲ ಮರೆಯಾಯಿತು. ರಂಗೇಶ್ ದುಪಟ್ಟಾವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ನೀರಿಗಿಳಿಯಲಾಗದೆ ಅವನು ದಡದಲ್ಲಿ ಕುಳಿತಿದ್ದು ಇದೇ ಮೊದಲು.

"ಮಿಸ್... ಆಶಾ! ಎರಡಂದ್ರೆ ಎರಡೇ ನಿಮಿಷ ಕಣ್ರೀ. ನಂಗೆ ಭಯ ಆಯ್ತದೆ!"

ಹಬೆಯೊಳಗಿಂದ ಅವಳ ನಗು ಕೇಳಿಸಿತು.

"ಗೊತ್ತು. ನನ್ನ ಕಲ್ಲು ಅಲ್ಲೇ ಇದೆ ನೋಡಿ... ನಾನು ಇಲ್ಲೇ ಇದ್ದೀನಿ."